ಫೈರ್‌ವಾಲ್ ಸಂದಿಗೆ ಏನು ಮೆತ್ತಿದೆ, ಯಾಕೆ ಮೆತ್ತಿದೆ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಓಹಾಯೋದ ಡೇಟನ್ ಹತ್ತಿರದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟುತ್ತಿದ್ದ ಆರ್‌ವಿ-7 ಎಂಬ ಸಣ್ಣ ವಿಮಾನದ ಫೈರ್‌ವಾಲಿಗೆ, ಅಂದರೆ ಎಂಜಿನ್ ಬೆಂಕಿಯನ್ನು ತಡೆಯುವ ತಗಡಿಗೆ, ನಾನು ಮೊದಲ ಸಲ ಮೆತ್ತಿದ್ದು ಕಾರಿನ ಬಿಡಿಭಾಗದ ಅಂಗಡಿಯಿಂದ ತಂದ ಕೆಂಪು ಸಿಲಿಕೋನ್. ಟ್ಯೂಬಿನ ಮೇಲೆ 650 ಡಿಗ್ರಿ ಫ್ಯಾರನ್‌ಹೀಟ್ ಎಂದು ದಪ್ಪ ಅಕ್ಷರದಲ್ಲಿತ್ತು. ಇಷ್ಟು ಸಾಕಲ್ವಾ ಅಂದುಕೊಂಡೆ. ಹಾಕುವಾಗ ಗ್ಯಾರೇಜ್ ತುಂಬ ಹುಳಿ ವಾಸನೆ. ತಿಪಟೂರಿನಿಂದ ಬಂದಿದ್ದ ಅಮ್ಮ ಅಡುಗೆಮನೆಯಿಂದಲೇ, "ಏನೋ ಅದು, ಉಪ್ಪಿನಕಾಯಿ ಭರಣಿ ಏನಾದ್ರೂ ಒಡೀತೇನೋ?" ಎಂದು ಕೂಗಿದರು.

ಆ ವಾಸನೆಗೆ ನಾನು ಗಮನ ಕೊಡಬೇಕಿತ್ತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಕೆಲವು ತಿಂಗಳ ಮೇಲೆ ನೋಡಿದರೆ, ಫೈರ್‌ವಾಲಿಗೆ ಬಡಿದಿದ್ದ ಅಲ್ಯೂಮಿನಿಯಂ ಆಂಗಲ್ ಪಕ್ಕದಲ್ಲಿ ಬಿಳಿ ಪುಡಿ. ಲೋಹ ತಿನ್ನಲು ಶುರುವಾಗಿತ್ತು. ಅಷ್ಟನ್ನೂ ಕೆರೆದು ತೆಗೆಯಲು ಮೂರು ವಾರಾಂತ್ಯ ಹೋಯಿತು. ಸಿಲಿಕೋನ್ ಕೆರೆದರೂ ಅದರ ಜಿಡ್ಡು ತಗಡಿಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಬೇರೆ ಏನನ್ನು ಮೆತ್ತಿದರೂ ಸರಿಯಾಗಿ ಹಿಡಿಯುವುದಿಲ್ಲ.

ಹಾಗೆ ಕೆರೆಯುತ್ತಾ ಕೂತಾಗಲೇ ನಾನು ಸರಿಯಾಗಿ ಓದಿದ್ದು.

ಫೈರ್‌ವಾಲ್ ಅಂದರೆ ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ಸ್ಟೇನ್‌ಲೆಸ್ ಸ್ಟೀಲ್ ತಗಡು. ಅರ್ಧ ಮಿಲಿಮೀಟರ್ ದಪ್ಪವೂ ಇಲ್ಲ. ಆಚೆ ಪೆಟ್ರೋಲ್, ಬಿಸಿ ಎಣ್ಣೆ, ಕಾದ ಎಕ್ಸಾಸ್ಟ್ ಪೈಪು. ಈಚೆ ನಾವು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅಮೆರಿಕದಲ್ಲಿ ಕಾರ್ಖಾನೆ ವಿಮಾನದ ನಿಯಮಗಳು ಅನ್ವಯಿಸುವುದಿಲ್ಲ. ಆದರೂ ಕಟ್ಟುವವರು ಸಣ್ಣ ಕಾರ್ಖಾನೆ ವಿಮಾನಗಳಿಗಿದ್ದ ಹಳೆಯ ಸರ್ಕಾರಿ ನಿಯಮ, ಭಾಗ 23 ಎಂಬುದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅದರ ಪ್ರಕಾರ ಸ್ಟೇನ್‌ಲೆಸ್ ತಗಡು ಕನಿಷ್ಠ 0.015 ಇಂಚು ಇರಬೇಕು. ಅದರಲ್ಲಿನ ಪ್ರತಿ ತೂತೂ ಬೆಂಕಿ ತಡೆಯುವ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ), ಬುಶ್ ಅಥವಾ ಫಿಟಿಂಗಿನಿಂದ ಬಿಗಿಯಾಗಿ ಮುಚ್ಚಿರಬೇಕು. ಫೈರ್‌ಪ್ರೂಫ್ ಎಂದು ಕರೆಸಿಕೊಳ್ಳಲು 2000 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1,093 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕು. 5 ನಿಮಿಷ ತಡೆದರೆ ಅದು ಫೈರ್ ರೆಸಿಸ್ಟೆಂಟ್ ಅಷ್ಟೇ. ಎರಡೂ ಒಂದೇ ಅಲ್ಲ. ಟ್ಯೂಬ್ ಮಾರುವವರು ಎರಡನ್ನೂ ಕಲಸಿಬಿಡುತ್ತಾರೆ.

ಈಗ 650ಕ್ಕೂ 2000ಕ್ಕೂ ಎಷ್ಟು ದೂರ ನೋಡಿ. ಅಲ್ಯೂಮಿನಿಯಮ್ಮೇ 1,220 ಡಿಗ್ರಿ ಫ್ಯಾರನ್‌ಹೀಟ್‌ಗೆ ಕರಗಿ ಹರಿಯುತ್ತದೆ.

ಹಾಗಾದರೆ 2000 ಎಂದು ಬರೆದಿರುವುದನ್ನು ತಂದರೆ ಆಯ್ತು ಅಂತ ನಾನೂ ಓಡಿದೆ. ಒಲೆ, ಫರ್ನೇಸ್‌ಗಳ ಬಿರುಕಿಗೆ ಮೆತ್ತುವ ಒಂದು ಸಿಮೆಂಟ್ ಸಿಕ್ಕಿತು. ಡಬ್ಬದ ಮೇಲೆ 2000 ಡಿಗ್ರಿ ಇತ್ತು. ಅದು ಬೆಂಕಿಗೆ ಜಗ್ಗಲಿಲ್ಲ, ನಿಜ. ಆದರೆ ಒಣಗಿದ ಮೇಲೆ ಮಡಕೆ ಚೂರಿನ ಹಾಗೆ. ತಗಡನ್ನು ಕೈಯಲ್ಲಿ ಸ್ವಲ್ಪ ಬಗ್ಗಿಸಿದೆ, ಪಟ್ ಎಂದು ಬಿರುಕು ಬಿಟ್ಟು ಉದುರಿತು. 180 ಕುದುರೆ ಶಕ್ತಿಯ ಲೈಕಮಿಂಗ್ ಎಂಜಿನ್ ಈ ತಗಡನ್ನು ಗಂಟೆಗಟ್ಟಲೆ ನಡುಗಿಸುತ್ತದೆ. ಬೆಂಕಿ ಬೀಳುವ ದಿನಕ್ಕೆ ಆ ಸಿಮೆಂಟ್ ಅಲ್ಲಿ ಇರಬೇಕಲ್ಲ?

ಇನ್ನೊಂದು ಗೊಂದಲ ತ್ರೀಎಂ ಫೈರ್ ಬ್ಯಾರಿಯರ್ 2000 ಪ್ಲಸ್ ಎಂಬ ಸಿಲಿಕೋನಿನದು. ವಿಮಾನ ಕಟ್ಟುವವರಲ್ಲಿ ಇದು ತುಂಬಾ ಬಳಕೆಯಲ್ಲಿದೆ. ಅದರಲ್ಲಿರುವ 2000 ಹೆಸರಿನ ಭಾಗ, ಡಿಗ್ರಿ ಅಲ್ಲ. ಅದು ತಯಾರಾಗಿದ್ದು ಕಟ್ಟಡಗಳಿಗೆ. ಗೋಡೆಯಲ್ಲಿ ಪೈಪು, ವೈರು ಹಾದುಹೋಗುವ ತೂತನ್ನು ಮುಚ್ಚಲು. ಕಟ್ಟಡದ ಪರೀಕ್ಷೆಯಲ್ಲಿ ಕುಲುಮೆಯ ಬಿಸಿ ಮೆಲ್ಲಗೆ ಏರುತ್ತದೆ. 5 ನಿಮಿಷಕ್ಕೆ 1000 ಡಿಗ್ರಿ ಫ್ಯಾರನ್‌ಹೀಟ್, 1 ಗಂಟೆಗೆ 1700, 2000 ಮುಟ್ಟಲು 4 ಗಂಟೆ. ಎಂಜಿನ್ ಬೆಂಕಿ ಹಾಗಲ್ಲ. ಪೆಟ್ರೋಲ್ ಪೈಪು ಸೀಳಿದರೆ ಮೊದಲ ನಿಮಿಷದಲ್ಲೇ ಪೂರ್ತಿ ಜ್ವಾಲೆ. ಹಾಗಾಗಿ ಕಟ್ಟಡದ ಸರ್ಟಿಫಿಕೇಟ್ ನೋಡಿ ನಾನು ಪೂರ್ತಿ ನಂಬಲಿಲ್ಲ. ಹಾಗಂತ ಬೇಡ ಎಂದೂ ತಳ್ಳಲಿಲ್ಲ. ಸುಟ್ಟು ನೋಡೋಣ ಅಂದುಕೊಂಡೆ.

ಉಳಿದಿದ್ದ ಸ್ಟೇನ್‌ಲೆಸ್ ತುಂಡುಗಳಲ್ಲಿ ಒಂದೊಂದು ತೂತು ಕೊರೆದು, ಮಧ್ಯೆ ಕಂಟ್ರೋಲ್ ಕೇಬಲಿನ ತುಂಡು ಇಟ್ಟು, ಸುತ್ತ ಒಂದೊಂದು ಬಗೆಯದನ್ನು ಮೆತ್ತಿದೆ. ಒಂದು ವಾರ ಒಣಗಲು ಬಿಟ್ಟೆ. ಆಮೇಲೆ ಮನೆಯ ಹಿಂದೆ ಕಾಂಕ್ರೀಟ್ ಮೇಲೆ ನಿಲ್ಲಿಸಿ ಗ್ಯಾಸ್ ಟಾರ್ಚ್ ಹಿಡಿದೆ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್, ಕೈಯಲ್ಲಿ ಗಡಿಯಾರ. ನನ್ನ ಟಾರ್ಚು ಅಧಿಕೃತ ಪರೀಕ್ಷೆಯ ದೊಡ್ಡ ಬರ್ನರಿಗೆ ಸಮನಲ್ಲ. ಜ್ವಾಲೆ ಬಿಸಿಯಿದ್ದರೂ ಹರವು ಕಡಿಮೆ. ಆದರೆ ಇಲ್ಲೇ ಸೋತದ್ದು ಅಲ್ಲಿ ಗೆಲ್ಲುವುದಿಲ್ಲ.

ಕೆಂಪು ಸಿಲಿಕೋನ್ ಮೊದಲು ಬಿಳಿ ಹೊಗೆ ಬಿಟ್ಟಿತು, ಆಮೇಲೆ ಬಿಳಿ ಬೂದಿಯಾಯಿತು. ಕಡ್ಡಿಯಿಂದ ಮುಟ್ಟಿದೆ, ವಿಭೂತಿ ಹಾಗೆ ಉದುರಿಹೋಯಿತು. ಬಿಸಿಗೆ ಉಬ್ಬುವ ಜಾತಿಯ ಒಂದು ಕಟ್ಟಡದ ಪುಟ್ಟಿ ಚೆನ್ನಾಗಿಯೇ ಉಬ್ಬಿ ತೂತನ್ನು ಮುಚ್ಚಿತು. ಆದರೆ ಅದು ನೀರಿನಲ್ಲಿ ಕರಗಿಸಿ ಮಾಡಿದ್ದು. ಅದೇ ಬಗೆಯ ಇನ್ನೊಂದು ತುಂಡನ್ನು ಬಕೆಟ್ ನೀರಿನಲ್ಲಿ ಮೂರು ದಿನ ಇಟ್ಟಾಗ ಮೆತ್ತಗಾಗಿ ಉಗುರಿಗೆ ಕಿತ್ತು ಬಂತು. ಎಂಜಿನ್ ಭಾಗವನ್ನು ನಾವು ತೊಳೆಯುತ್ತೇವೆ, ಮಳೆಯಲ್ಲಿ ನಿಲ್ಲಿಸುತ್ತೇವೆ. ಅದೂ ಬೇಡವಾಯಿತು. ಫೈರ್ ಬ್ಯಾರಿಯರ್ ಸಿಲಿಕೋನ್ ಮೇಲೆ ಕಪ್ಪಾಗಿ ಬಿರುಕು ಬಿಟ್ಟರೂ ಹಕ್ಕಳೆಯ ಹಾಗೆ ಅಲ್ಲೇ ಕಚ್ಚಿಕೊಂಡಿತು. 15 ನಿಮಿಷ ಆದ ಮೇಲೆ ಕತ್ತರಿಸಿ ನೋಡಿದರೆ ಹಿಂಬದಿಯಲ್ಲಿ ಇನ್ನೂ ರಬ್ಬರಿನ ಹಾಗೇ ಇತ್ತು. ಇದಕ್ಕೆ ಹುಳಿ ವಾಸನೆಯೂ ಇಲ್ಲ. ನ್ಯೂಟ್ರಲ್ ಕ್ಯೂರ್ ಜಾತಿ, ಅಂದರೆ ಒಣಗುವಾಗ ಆ ಆಸಿಡ್ ಬಿಡುವುದಿಲ್ಲ, ಲೋಹ ತಿನ್ನುವುದಿಲ್ಲ.

ವಿಮಾನಕ್ಕೆಂದೇ ಮಾಡಿದವು ಬೇರೆ ಇವೆ. ಪಿಆರ್-812, ಸಿಎಸ್ 1900, ಡ್ಯಾಪ್ಕೋ 2100 ಇಂಥವು. ದುಡ್ಡಿನ ಚಿಂತೆ ಇಲ್ಲದಿದ್ದರೆ ಅವನ್ನೇ ತನ್ನಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ಬೆಲೆ ಹಲವು ಪಟ್ಟು. ಇಂಥ ಸೀಲೆಂಟುಗಳಿಗೆ, ಅಂದರೆ ಸಂದು ಮುಚ್ಚುವ ಮೆತ್ತಿಗೆಗಳಿಗೆ, ಅವಧಿ ಮುಗಿಯುವ ದಿನಾಂಕ ಇರುತ್ತದೆ. ವಾರಕ್ಕೆ ಎರಡು ಸಂಜೆ ಮಾತ್ರ ಕೆಲಸ ಮಾಡುವ ನನ್ನಂಥವನಿಗೆ ಅದು ಕಷ್ಟ.

ಆದರೆ ಆ ಸಂಜೆ ನನ್ನ ಕಣ್ಣು ತೆರೆಸಿದ್ದು ಬೇರೆಯೇ. ಒಂದು ತುಂಡಿನ ಹಿಂದೆ ಎರಡು ಇಂಚು ದೂರದಲ್ಲಿ ಕಾರ್ಪೆಟ್ ಚೂರು ಇಟ್ಟಿದ್ದೆ. ಸೀಲೆಂಟ್ ತೂರಿ ಒಂದು ಕಿಡಿಯೂ ಬರಲಿಲ್ಲ. ತಗಡು ಮಾತ್ರ ಕೆಂಡದ ಹಾಗೆ ಕೆಂಪಾಯಿತು. ಕಾರ್ಪೆಟ್ ಹೊಗೆಯಾಡಿ ಹೊತ್ತಿಕೊಂಡಿತು! ಫೈರ್‌ವಾಲಿನ ಒಳಬದಿಗೆ ಅಂಟಿಸಲು ತಂದಿದ್ದ ಫೋಮ್ ಹಾಳೆಯನ್ನು ಮರುದಿನವೇ ಅಂಗಡಿಗೆ ವಾಪಸ್ ಕೊಟ್ಟೆ. ಒಳಬದಿಗೆ ಪೇಂಟ್ ಕೂಡ ಹೊಡೆಯಲಿಲ್ಲ.

ಅದೇ ವಾರ ಮನೆಯಲ್ಲಿ ವಿಮಾನ ಕಟ್ಟುವವರ ಇಎಎ ಸಂಸ್ಥೆಯ ಟೆಕ್ನಿಕಲ್ ಕೌನ್ಸಿಲರ್, ಅಂದರೆ ಸಲಹೆಗಾರ, ಒಬ್ಬರು ಕೆಲಸ ನೋಡಲು ಬಂದರು. ಹಳೆಯ ಮೆಕ್ಯಾನಿಕ್. ಸುಟ್ಟ ತುಂಡುಗಳನ್ನೆಲ್ಲ ಹೆಮ್ಮೆಯಿಂದ ತೋರಿಸಿದೆ. ಅವರು ಅದನ್ನು ನೋಡಿದ್ದಕ್ಕಿಂತ ನನ್ನ ಫೈರ್‌ವಾಲಿನ ತೂತುಗಳನ್ನು ನೋಡಿದ್ದೇ ಜಾಸ್ತಿ. ಈ ಕೇಬಲಿಗೆ ಇಷ್ಟು ದೊಡ್ಡ ತೂತು ಯಾಕೆ ಕೊರೆದೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಲೆಂಟ್ ಇರುವುದು ಸಂದು ತುಂಬಲು, ಗೋಡೆ ಕಟ್ಟಲು ಅಲ್ಲ ಎಂಬುದು ಅವರ ಮಾತಿನ ಸಾರ.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಮತ್ತು ಪೆಟ್ರೋಲ್-ಗಾಳಿಯ ಬೆರಕೆ ಹೊಂದಿಸುವ ಮಿಕ್ಸ್ಚರ್ ಕೇಬಲಿಗೆ ಹಾಕಿದ್ದ ಬರೀ ರಬ್ಬರ್ ಗ್ರಾಮೆಟ್ ಕಿತ್ತು, ತಿರುಗುವ ಗುಂಡು ಇರುವ ಸ್ಟೀಲ್ ಫಿಟಿಂಗ್ ಹಾಕಿದೆ. ವೈರಿನ ಕಂತೆಗೆ ಅಂಚು ಇರುವ ಸ್ಟೇನ್‌ಲೆಸ್ ಕೊಳವೆ, ಅದರ ಮೇಲೆ ಫೈರ್‌ಸ್ಲೀವ್ ಎಂಬ ಬೆಂಕಿ ತಡೆಯುವ ತೋಳು, ಎರಡು ಕ್ಲ್ಯಾಂಪು. ಒಳಗೆ ಬಿಸಿಗಾಳಿ ಬಿಡುವ ಕ್ಯಾಬಿನ್ ಹೀಟ್ ಬಾಕ್ಸ್ ಅಲ್ಯೂಮಿನಿಯಮ್ಮಿನದ್ದಾಗಿತ್ತು. ಅದು ಎರಡಂಗುಲದ ತೂತಿಗೆ ಬೆಣ್ಣೆಯ ಮುಚ್ಚಳ ಇಟ್ಟ ಹಾಗೆ. ಸ್ಟೇನ್‌ಲೆಸ್ ಬಾಕ್ಸ್ ತಂದೆ. ಬೇಡದ ತೂತುಗಳನ್ನು ಅಲ್ಯೂಮಿನಿಯಂ ಪಾಪ್ ರಿವೆಟ್ಟಿನಿಂದ ಮುಚ್ಚಿದ್ದೆ, ಅವನ್ನೂ ಕೊರೆದು ತೆಗೆದು ಸ್ಟೀಲ್ ರಿವೆಟ್ ಹೊಡೆದೆ. ಪೆಟ್ರೋಲ್ ಹಾದುಬರುವ ಫಿಟಿಂಗ್ ಕೂಡ ಸ್ಟೀಲ್. ಸ್ಟೇನ್‌ಲೆಸ್ ಕೊರೆಯುವವರಿಗೆ ಒಂದು ಮಾತು. ಡ್ರಿಲ್ ನಿಧಾನ ತಿರುಗಲಿ, ಒತ್ತಡ ಜಾಸ್ತಿ ಇರಲಿ, ಕಟಿಂಗ್ ಆಯಿಲ್ ಹಾಕಿ. ವೇಗವಾಗಿ ಉಜ್ಜಿದರೆ ಆ ಜಾಗ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಬಿಟ್ ಮುರಿಯುವುದೇ ಕೆಲಸ.

ಇಷ್ಟಾದ ಮೇಲೆ ತುಂಬಬೇಕಾದ ಸಂದು ಎಲ್ಲೂ ಎರಡು ಮಿಲಿಮೀಟರ್ ದಾಟಲಿಲ್ಲ. ಫೈರ್ ಬ್ಯಾರಿಯರ್ ಸಿಲಿಕೋನನ್ನೇ ಹಾಕಿದೆ. ಇನ್ನೊಂದು ವಿಮಾನ ಕಟ್ಟಿದರೆ ವೈರಿನ ಕೊಳವೆಯ ಬಾಯಿಗೆ ಮಾತ್ರ ವಿಮಾನದ ದರ್ಜೆಯದ್ದನ್ನೇ ತರುತ್ತೇನೆ. ಯಾಕೆಂದರೆ ಅಲ್ಲಿ ವೈರುಗಳ ನಡುವೆ ಸಂದು ಉಳಿಯುತ್ತದೆ, ಏನೇ ಮಾಡಿದರೂ.

ಹಾಕುವ ಮೊದಲು ತಗಡನ್ನು ಸ್ಕಾಚ್‌ಬ್ರೈಟಿನಿಂದ ಉಜ್ಜಿ, ಅಸಿಟೋನಿನಲ್ಲಿ ಒರೆಸಿದೆ. ಒರೆಸಿದ ಬಟ್ಟೆ ಬೆಳ್ಳಗೆ ಬರುವವರೆಗೆ. ಸುತ್ತ ಟೇಪ್ ಅಂಟಿಸಿ, ಎಂಜಿನ್ ಬದಿಯಿಂದ ಹಾಕಿ, ಗ್ಲೌಸ್ ಹಾಕಿದ ಬೆರಳಿನಿಂದ ಒತ್ತಿ ತೀಡಿದೆ. ಆಗ ಜನವರಿ. ಇಂಥ ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿಯಾಗುವುದು, ಚಳಿಗಾಲದ ಒಣಗಾಳಿಯಲ್ಲಿ ಎರಡು ದಿನವಾದರೂ ಒಳಗೆ ಹಸಿ. ಹೀಟರ್ ಹಚ್ಚಿ, ಪಕ್ಕದಲ್ಲಿ ಬಿಸಿನೀರಿನ ಬಕೆಟ್ ಇಟ್ಟೆ. ಅಮ್ಮ ಬಂದು ನೋಡಿ, "ಹಂಡೆ ಒಲೆಗೆ ಮಣ್ಣು ಮೆತ್ತಿದ ಹಾಗೆ ಮೆತ್ತಿದೀಯಲ್ಲೋ" ಎಂದರು. ಸರಿಯಾಗಿಯೇ ಹೇಳಿದ್ದರು. ನಮ್ಮ ಬಚ್ಚಲುಮನೆಯಲ್ಲಿ ಹಂಡೆಯ ಸುತ್ತ ಮೆತ್ತಿದ ಮಣ್ಣು ಬಿರಿದರೆ ಹೊಗೆಯೆಲ್ಲ ಒಳಗೆ ಬರುತ್ತಿತ್ತು. ಅಜ್ಜಿ ಪ್ರತಿ ಹಬ್ಬಕ್ಕೂ ಹೊಸದಾಗಿ ಮೆತ್ತುತ್ತಿದ್ದರು.

ಹೊಗೆಯ ಮಾತು ಬಂತಲ್ಲ, ಬೆಂಕಿ ಬೀಳುವುದು ಅಪರೂಪ. ಸೀಲೆಂಟಿನ ದಿನನಿತ್ಯದ ಕೆಲಸ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರದಂತೆ ನೋಡುವುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಂದು ರಾತ್ರಿ ಗ್ಯಾರೇಜಿನ ದೀಪ ಆರಿಸಿ ನಾನು ಪೆಡಲ್ ಹತ್ತಿರ ತಲೆ ತೂರಿಸಿ ಮಲಗಿದೆ. ಹೆಂಡತಿ ಎಂಜಿನ್ ಬದಿಯಿಂದ ಬ್ಯಾಟರಿ ಬಿಟ್ಟಳು. ನಕ್ಷತ್ರದ ಹಾಗೆ ಎರಡು ಚುಕ್ಕೆ ಕಂಡವು. ಎರಡೂ ಕೆಳ ಮೂಲೆಯಲ್ಲಿ, ನಾನು ಪೂರ್ತಿ ಮುಗಿಸಿದ್ದೇನೆ ಎಂದುಕೊಂಡಿದ್ದ ಜಾಗದಲ್ಲಿ. "ಅಲ್ಲೇ ಹಿಡ್ಕೊ, ಅಲ್ಲಾಡಿಸ್ಬೇಡ" ಎಂದು ಪೆನ್ಸಿಲಿನಿಂದ ಗುರುತು ಹಾಕಿದೆ.

ಹಾರಾಟ ಶುರುವಾದ ಮೇಲೆ, ವಿಮಾನ ಮೇಲೇರುವಾಗಲೆಲ್ಲ ಒಳಗಿನ ಮೀಟರ್ ಸ್ವಲ್ಪ ಮೊನಾಕ್ಸೈಡ್ ತೋರಿಸುತ್ತಿತ್ತು. ಫೈರ್‌ವಾಲೇ ಸರಿಯಿಲ್ಲ ಎಂದು ಎರಡು ಸಲ ಕೌಲಿಂಗ್, ಅಂದರೆ ಎಂಜಿನ್ನಿನ ಹೊದಿಕೆ, ಬಿಚ್ಚಿ ಹುಡುಕಿದೆ, ಏನೂ ಸಿಗಲಿಲ್ಲ. ಕೊನೆಗೆ ನೋಡಿದರೆ, ಹೊಟ್ಟೆಯಡಿ ಹರಿದುಹೋಗುವ ಎಕ್ಸಾಸ್ಟ್ ಗಾಳಿ, ರೆಕ್ಕೆಯ ಹಿಂದಿನ ಫ್ಲ್ಯಾಪನ್ನು ಆಡಿಸುವ ಕಡ್ಡಿ ಹೊರಬರುವ ತೂತಿನಿಂದ ಒಳಗೆ ನುಗ್ಗುತ್ತಿತ್ತು. ಅಲ್ಲಿ ಬಟ್ಟೆಯ ಚೀಲದಂಥ ಮುಚ್ಚಳ ಕಟ್ಟಿದೆ, ನಿಂತಿತು.

ಈಗ ವರ್ಷಕ್ಕೊಮ್ಮೆ ತಪಾಸಣೆಯ ದಿನ ಪ್ರತಿ ಸಂದಿಯನ್ನೂ ಉಗುರಿನಿಂದ ಒತ್ತಿ ನೋಡುತ್ತೇನೆ. ಕಳೆದ ಸಲ ಮಿಕ್ಸ್ಚರ್ ಕೇಬಲ್ ಸುತ್ತ ಅಂಚು ಎದ್ದಿತ್ತು. ಅಷ್ಟು ಕೆರೆದು, ಒರೆಸಿ, ಹೊಸದು ಹಾಕಿದೆ. ಅರ್ಧ ಗಂಟೆ ಕೆಲಸ.