ನಗರ ಬಿಟ್ಟು ಹಳ್ಳಿಗೆ: ಮೊದಲು ಬಾವಿ, ಆಮೇಲೆ ಮನೆ

ನಗರದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಬಚ್ಚಲಿನ ನೀರು ಎಲ್ಲಿಗೋ ಹರಿದು ಹೋಗುತ್ತದೆ, ಬಾಗಿಲ ಬಳಿ ಇಟ್ಟ ಕಸವನ್ನು ಯಾರೋ ಒಯ್ಯುತ್ತಾರೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2007ರ ಸುಮಾರಿಗೆ ಜಗತ್ತಿನ ನಗರವಾಸಿಗಳ ಸಂಖ್ಯೆ ಗ್ರಾಮವಾಸಿಗಳ ಸಂಖ್ಯೆಯನ್ನು ಮೀರಿತು. ಹಾಗಾಗಿ ನಮ್ಮಲ್ಲಿ ಬಹಳಷ್ಟು ಮಂದಿ ತಾವು ಕುಡಿಯುವ ನೀರಿನ ಮೂಲವನ್ನೂ ತಾವು ಬಳಸಿ ಬಿಟ್ಟ ನೀರಿನ ಕೊನೆಯನ್ನೂ ಕಣ್ಣಾರೆ ಕಾಣದೆಯೇ ಬೆಳೆದವರು. ನಾನೂ ಹಾಗೆಯೇ ಬೆಳೆದವನು. ಹಳ್ಳಿಗೆ ಹೋಗಿ ನೆಲೆಸಬೇಕೆಂದು ನಿಶ್ಚಯಿಸಿದಾಗ, ನಗರದಲ್ಲಿ ನನ್ನ ಪರವಾಗಿ ಬೇರೆಯವರು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಅದರಲ್ಲಿ ನೀರು ಮೊದಲನೆಯದಾಗಿತ್ತು. ಮನೆ ಹೇಗಿರಬೇಕು, ಅಂಗಳದಲ್ಲಿ ಏನು ನೆಡಬೇಕು ಎಂಬ ಯೋಚನೆಗಳನ್ನು ನೀರಿನ ವಿಷಯ ತೀರ್ಮಾನವಾಗುವ ತನಕ ಬದಿಗಿಟ್ಟೆ. ಇಂದಿಗೂ ಯಾರಾದರೂ ಸಲಹೆ ಕೇಳಿದರೆ ಇದೇ ಅನುಕ್ರಮವನ್ನು ಹೇಳುತ್ತೇನೆ.

ಜಾಗವನ್ನು ಅದರ ಅತ್ಯಂತ ಕಷ್ಟದ ಕಾಲದಲ್ಲಿ ನೋಡಬೇಕು. ಮಳೆ ನಿಂತ ಕೂಡಲೇ ಯಾವ ಊರೂ ಹಸಿರಾಗಿರುತ್ತದೆ, ಯಾವ ಬಾವಿಯೂ ತುಂಬಿರುತ್ತದೆ. ಮಾರುವವರು ನಮ್ಮನ್ನು ಕರೆಯುವುದೂ ಆಗಲೇ. ನಾನು ಆರಿಸಿಕೊಂಡ ಊರಿನಲ್ಲಿ ಮೊದಲು ಒಂದು ಬಾಡಿಗೆ ಮನೆ ಹಿಡಿದು, ಬೇಸಿಗೆ, ಮಳೆ, ಚಳಿ ಎಲ್ಲ ಒಂದು ಸುತ್ತು ಮುಗಿಯುವವರೆಗೆ ಅಲ್ಲಿಯೇ ವಾಸವಿದ್ದೆ. ಗಾಳಿಮಳೆ ಯಾವ ದಿಕ್ಕಿನಿಂದ ಗೋಡೆಗೆ ಬಡಿಯುತ್ತದೆ, ಜೋರು ಮಳೆಯಲ್ಲಿ ಯಾವ ದಾರಿ ಕೊಚ್ಚಿಹೋಗುತ್ತದೆ, ಇಳಿಜಾರಿನ ನೀರು ಯಾರ ಜಮೀನಿನಲ್ಲಿ ನಿಲ್ಲುತ್ತದೆ, ಕರೆಂಟು ಹೋಗಿ ಎಷ್ಟು ಹೊತ್ತಿಗೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ ಎಂಬ ಸಂಗತಿಗಳನ್ನು ಬಂದು ಹೋಗುವ ಅತಿಥಿಯಾಗಿ ಯಾರೂ ತಿಳಿಯಲಾರರು. ಜಮೀನಿನ ಕಾಗದಪತ್ರಗಳನ್ನು ವಕೀಲರಿಗೆ ತೋರಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೆ ಸೇರಿಸಬೇಕಾದ್ದು ಎರಡು: ಗಡಿಯನ್ನು ಅಳೆಸಿ ಕಲ್ಲು ಹಾಕಿಸುವುದು, ಮತ್ತು ಮನೆಗೆ ಹೋಗುವ ದಾರಿ ಬೇರೆಯವರ ಜಾಗದಲ್ಲಿ ಹಾದುಹೋಗುವುದಾದರೆ ಆ ಹಕ್ಕನ್ನು ದಾರಿಯ ಅಗಲದ ಸಮೇತ ಬರಹದಲ್ಲಿ ಪಡೆಯುವುದು.

ಇನ್ನು ನೀರಿನ ವಿಷಯ. ನಾನು ಕೊಳ್ಳಬೇಕೆಂದಿದ್ದ ಜಾಗದಲ್ಲಿ ಒಂದು ತೆರೆದ ಬಾವಿಯಿತ್ತು. ಅದರಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ, ತೆಗೆದ ನೀರು ಎಷ್ಟು ಬೇಗ ಮತ್ತೆ ಊರಿ ಬರುತ್ತದೆ ಎಂಬುದು ಮುಖ್ಯವಾದ ಪ್ರಶ್ನೆ. ಮೊದಲನೆಯದು ಸಂಗ್ರಹ, ಎರಡನೆಯದು ವರಮಾನ. ಬೇಸಿಗೆಯ ಕೊನೆಯಲ್ಲಿ, ಮೊದಲ ಮಳೆ ಬೀಳುವ ಮುನ್ನ, ಅದನ್ನು ಅಳೆಯಲು ಹೊರಟೆ. ಹಗ್ಗ ನೆನೆದರೆ ಅದರ ಉದ್ದ ಬದಲಾಗಬಹುದಾದ್ದರಿಂದ ಅಳತೆ ಪಟ್ಟಿಯ ತುದಿಗೆ ತಳ ಟೊಳ್ಳಾಗಿರುವ ಒಂದು ಕಬ್ಬಿಣದ ಗುಂಡನ್ನು ಕಟ್ಟಿಕೊಂಡೆ. ಅಂಥ ಗುಂಡು ನೀರಿನ ಮೇಲ್ಮೈಗೆ ತಾಗಿದಾಗ ಗುಳಕ್ ಎಂದು ಸ್ಪಷ್ಟವಾದ ಸದ್ದು ಮಾಡುತ್ತದೆ. ಕತ್ತಲಾದ ಬಾವಿಯಲ್ಲಿ ಕಣ್ಣಿಗಿಂತ ಕಿವಿಯೇ ನಂಬಿಕೆಗೆ ಅರ್ಹ. ಬಾವಿಕಟ್ಟೆಯ ಮೇಲೆ ಒಂದು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಪಟ್ಟಿಯನ್ನು ಇಳಿಬಿಟ್ಟೆ.

ಪಂಪಿನಿಂದ ನೀರನ್ನು ತಳದ ಹತ್ತಿರದವರೆಗೆ ತೆಗೆದು, ಪಂಪನ್ನು ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಮಟ್ಟವನ್ನು ಅಳೆದು ಬರೆದುಕೊಂಡೆ. ಲೆಕ್ಕ ಸುಲಭದ್ದು. ಬಾವಿಯ ಒಳವ್ಯಾಸ 2 ಮೀಟರ್ ಇದ್ದರೆ ಅದರ ಅಡ್ಡಳತೆಯ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಆದ್ದರಿಂದ ಮಟ್ಟ 10 ಸೆಂಟಿಮೀಟರ್ ಏರಿದರೆ ಸುಮಾರು 314 ಲೀಟರ್ ನೀರು ಬಂದಂತಾಯಿತು. ಆರಂಭದಲ್ಲಿ ನೀರು ಬೇಗ ಏರುತ್ತದೆ, ಬಾವಿಯ ಮಟ್ಟ ಸುತ್ತಲಿನ ಅಂತರ್ಜಲದ ಮಟ್ಟವನ್ನು ಸಮೀಪಿಸಿದಂತೆಲ್ಲ ನಿಧಾನವಾಗುತ್ತದೆ. ಹಾಗಾಗಿ ಮೊದಲ ಗಂಟೆಯ ಅಂಕಿಯನ್ನು 24ರಿಂದ ಗುಣಿಸಿ ದಿನದ ನೀರು ಇಷ್ಟು ಎಂದು ತೀರ್ಮಾನಿಸಬಾರದು, ಇಡೀ ರಾತ್ರಿಯ ಏರಿಕೆಯನ್ನು ನೋಡಬೇಕು. ಒಬ್ಬ ವ್ಯಕ್ತಿಯ ದಿನನಿತ್ಯದ ಅಗತ್ಯಗಳಿಗೆ 50ರಿಂದ 100 ಲೀಟರ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿರುಬೇಸಿಗೆಯಲ್ಲಿಯೂ ಮನೆಮಂದಿಗೆಲ್ಲ ಅಷ್ಟು ನೀರನ್ನು ಕೊಟ್ಟು, ತರಕಾರಿ ಮಡಿಗಳಿಗೂ ಒಂದಿಷ್ಟು ಉಳಿಯುತ್ತದೆ ಎಂದು ಖಚಿತವಾದ ಮೇಲೆಯೇ ಜಾಗಕ್ಕೆ ಮುಂಗಡ ಕೊಟ್ಟೆ. ಆ ಗುಂಡು ಮತ್ತು ಪಟ್ಟಿ ಈಗಲೂ ಬಾವಿಯ ಬಳಿ ತೂಗುಹಾಕಿವೆ. ತಿಂಗಳಿಗೊಮ್ಮೆ ಅಳೆದು ಬರೆಯುವ ಅಭ್ಯಾಸದಿಂದ, ಬೇಸಿಗೆ ಬಿಗಿಯಾಗುವ ಎಷ್ಟೋ ವಾರಗಳ ಮೊದಲೇ ತೋಟದ ನೀರನ್ನು ಕಡಿಮೆ ಮಾಡಲು ಸಾಧ್ಯವಾಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಬಾವಿಯ ಹೂಳೆತ್ತಲು ಯಾರೂ ಒಬ್ಬರೇ ಇಳಿಯಬಾರದು. ಆಳದಲ್ಲಿ ಆಮ್ಲಜನಕ ತೀರಾ ಕಡಿಮೆಯಿರಬಹುದು, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ತಂಗಿರಬಹುದು. ಒಬ್ಬರು ಬಿದ್ದರೆಂದು ಅವರನ್ನು ಎತ್ತಲು ಧಾವಿಸಿ ಇಳಿದವರೂ ಪ್ರಾಣ ಕಳೆದುಕೊಳ್ಳುವುದು ಇಂಥ ಅಪಘಾತಗಳ ಅತ್ಯಂತ ದಾರುಣವಾದ ಭಾಗ. ಈ ಕೆಲಸವನ್ನು ಅದರಲ್ಲಿ ಪಳಗಿದವರಿಗೆ, ಒಳಗೆ ಗಾಳಿ ಹಾಯಿಸುವ ವ್ಯವಸ್ಥೆ, ಸೊಂಟಕ್ಕೆ ಹಗ್ಗ ಮತ್ತು ಮೇಲೆ ಕಾಯುವ ಜನರ ಸಮೇತ ಒಪ್ಪಿಸಬೇಕು.

ನೀರು ಸಾಕಷ್ಟಿದೆ ಎಂದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆಂದಲ್ಲ. ತಿಳಿಯಾಗಿ, ತಂಪಾಗಿ, ರುಚಿಯಾಗಿರುವ ನೀರಿನಲ್ಲಿಯೂ ಕಾಣದ ದೋಷಗಳಿರುತ್ತವೆ. ಪ್ರಯೋಗಾಲಯದ ವರದಿಯಲ್ಲಿ ನಾನು ಮೊದಲು ನೋಡಿದ್ದು ಮೂರನ್ನು: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮತ್ತು ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಚೆನ್ನಾಗಿ ಮರಳುವಂತೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ ಎಂಬುದು ನಿಜ. ಆದರೆ ಫ್ಲೋರೈಡ್, ನೈಟ್ರೇಟ್‌ಗಳು ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ನೈಟ್ರೇಟ್ ಹೆಚ್ಚಿರುವ ನೀರು ಎಳೆಯ ಕೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕುಂದಿಸುತ್ತದೆಯಾದ್ದರಿಂದ, ಚಿಕ್ಕ ಮಕ್ಕಳಿರುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಸುತ್ತಲಿನ ಹೊಲಗಳಿಗೆ ಹಾಕಿದ ಗೊಬ್ಬರ ಮಳೆಯೊಡನೆ ಕೆಳಗಿಳಿಯುವುದರಿಂದ ಮಳೆಗಾಲದ ನಂತರವೂ ಒಮ್ಮೆ ನೀರನ್ನು ಪರೀಕ್ಷೆಗೆ ಕಳುಹಿಸುತ್ತೇನೆ.

ಬಾವಿಯ ಮೇಲಿನ ಹೊರೆ ಇಳಿಸಲು ಚಾವಣಿಯ ನೀರನ್ನು ಹಿಡಿದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರಿನ ಒಂದು ಸಾಧಾರಣ ಮಳೆ 1,000 ಲೀಟರ್ ಕೊಡುತ್ತದೆ; ಆವಿಯಾಗುವ, ಸಿಡಿದು ಹೋಗುವ ಪಾಲನ್ನು ಕಳೆದರೂ ಅದರ ಬಹುಭಾಗ ಕೈಗೆ ಸಿಗುತ್ತದೆ. ಧೂಳು, ಹಕ್ಕಿಯ ಹಿಕ್ಕೆ, ತರಗೆಲೆಗಳನ್ನು ಹೊತ್ತು ತರುವ ಮೊದಲ ನೀರನ್ನು ಹೊರಗೆ ಬಿಡುವ ಕವಾಟ ಮತ್ತು ಸೊಳ್ಳೆ ನುಗ್ಗದಂತೆ ಬಿಗಿಯಾದ ಬಲೆ, ಇವೆರಡಕ್ಕೆ ಮಾತ್ರ ಜಿಪುಣತನ ಮಾಡಬಾರದು.

ಬಳಸಿದ ನೀರನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆ ಬಾವಿಯ ಪ್ರಶ್ನೆಯ ಇನ್ನೊಂದು ಮುಖ. ನಾನು ಶೌಚಾಲಯಕ್ಕೆ ಎರಡು ಇಂಗುಗುಂಡಿಗಳ ವ್ಯವಸ್ಥೆಯನ್ನು ಆರಿಸಿಕೊಂಡೆ. ಒಂದು ಗುಂಡಿ ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನ ಮಲ ಕೊಳೆತು ಗೊಬ್ಬರವಾಗುತ್ತದೆ, ರೋಗಾಣುಗಳು ನಾಶವಾಗುತ್ತವೆ. ಮೊದಲ ಗುಂಡಿಯ ಮುಚ್ಚಳವನ್ನು ತೆಗೆಸಿದ ದಿನ ಒಳಗಿದ್ದದ್ದು ಕಂದುಬಣ್ಣದ, ಪುಡಿಪುಡಿಯಾದ, ಮಳೆ ಬಿದ್ದ ಮಣ್ಣಿನ ವಾಸನೆಯ ಒಂದು ರಾಶಿ. ಅದನ್ನು ಹಣ್ಣಿನ ಗಿಡಗಳ ಬುಡಕ್ಕೆ ಹಾಕಿದೆವು. ಇಂಥ ಗುಂಡಿ ಬಾವಿಯಿಂದ ದೂರವಿರಬೇಕು ಮತ್ತು ಇಳಿಜಾರಿನಲ್ಲಿ ಬಾವಿಗಿಂತ ಕೆಳಗಿರಬೇಕು. ಮಣ್ಣಿನ ಗುಣವನ್ನು ಅನುಸರಿಸಿ 15ರಿಂದ 30 ಮೀಟರ್ ಅಂತರವನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ; ನೀರು ಬೇಗ ಜಾರುವ ಮರಳು ಮಣ್ಣು, ಬಿರುಕುಬಿಟ್ಟ ಬಂಡೆ ಇರುವಲ್ಲಿ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ನೆರೆಯವರ ಬಾವಿಯಿಂದಲೂ ಅಷ್ಟೇ ದೂರವನ್ನು ಲೆಕ್ಕ ಹಾಕಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ. ಪಾತ್ರೆ ತೊಳೆದ ಮತ್ತು ಸ್ನಾನದ ನೀರು ನಮ್ಮಲ್ಲಿ ಬಾಳೆಯ ಬುಡಕ್ಕೆ ಹೋಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಮಾಡಿದ್ದು ಇಷ್ಟೇ: ನೀರು ಕಾಯಿಸುವ, ಬಿಸಿ ಮಾಡುವ ಉಪಕರಣಗಳನ್ನು ಬ್ಯಾಟರಿಯಿಂದ ಪೂರ್ತಿ ಬೇರ್ಪಡಿಸಿ, ದೀಪ, ಫ್ಯಾನು, ಇಂಟರ್ನೆಟ್ ಮತ್ತು ಕಂಪ್ಯೂಟರುಗಳನ್ನು ಮಾತ್ರ ಸೌರ ಫಲಕಗಳಿಗೆ ಜೋಡಿಸಿದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಅದರ ಆಯುಷ್ಯ ಬೇಗ ಕುಗ್ಗುವುದರಿಂದ, ಕೊಳ್ಳುವಾಗ ಅಗತ್ಯದ ಎರಡರಷ್ಟು ಸಾಮರ್ಥ್ಯವನ್ನು ಲೆಕ್ಕ ಹಿಡಿಯಬೇಕು. ಬಯಲಿನ ನಡುವೆ ಒಂಟಿಯಾಗಿ ನಿಂತ ಮನೆಗೆ ಸಿಡಿಲಿನ ಅಪಾಯ ನಿಜವಾದದ್ದು. ಒಳ್ಳೆಯ ಅರ್ಥಿಂಗ್ ಇರಲೇಬೇಕು. ಗುಡುಗು ಕೇಳುತ್ತಿರುವಾಗ, ಮತ್ತು ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವ ತನಕ, ಯಾರೂ ಹೊರಗಿನ ಕೆಲಸಕ್ಕೆ ಹೋಗಬಾರದೆಂಬ ನಿಯಮವನ್ನು ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ.

ಹಣದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಮೊದಲ ಕೆಲವು ವರ್ಷ ಭೂಮಿಯಿಂದ ಸಂಸಾರ ನಡೆಯುತ್ತದೆ ಎಂದು ಎಣಿಸಬಾರದು. ಗಿಡ ಫಲಕ್ಕೆ ಬರಲು, ಮಣ್ಣು ಹದವಾಗಲು, ಕೈಗೆ ಕೆಲಸ ಒಗ್ಗಲು ಕಾಲ ಬೇಕು. ನಾನು ನಗರದ ವೃತ್ತಿಯನ್ನು ಕಡಿಮೆ ಪ್ರಮಾಣದಲ್ಲಿ ಮನೆಯಿಂದಲೇ ಮುಂದುವರಿಸಿದೆ, ಬೆಳಗಿನ ಮತ್ತು ಸಂಜೆಯ ಹೊತ್ತನ್ನು ತೋಟಕ್ಕೆ ಇಟ್ಟೆ. ಹೊಟ್ಟೆಪಾಡಿನ ಒತ್ತಡ ಇಲ್ಲದ್ದರಿಂದಲೇ ಮಣ್ಣನ್ನು ಅವಸರಪಡಿಸದೆ ಕಲಿಯಲು ಸಾಧ್ಯವಾಯಿತು.

ಆಸ್ಪತ್ರೆ ದೂರವಿರುವುದನ್ನು ಮಾತ್ರ ಯಾವ ಉಪಾಯದಿಂದಲೂ ಇಲ್ಲವಾಗಿಸಲಾಗದು, ಸಿದ್ಧತೆಯೊಂದೇ ದಾರಿ. ಹಾವಿನ ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರು ಗ್ರಾಮಗಳ ಜನರೇ. ಕಡಿದ ಜಾಗವನ್ನು ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಎಲ್ಲವೂ ಹಾನಿಕರ. ಕಡಿತಕ್ಕೊಳಗಾದವರನ್ನು ಓಡಾಡಲು ಬಿಡದೆ, ಕಡಿದ ಕೈ ಅಥವಾ ಕಾಲನ್ನು ಅಲುಗದಂತೆ ಇರಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಆದಷ್ಟು ಬೇಗ ತಲುಪಿಸಬೇಕು. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಸದಾ ಸಿಗುತ್ತದೆ ಎಂಬುದನ್ನು ಊರಿಗೆ ಬಂದ ಹೊಸದರಲ್ಲಿಯೇ ವಿಚಾರಿಸಿ ಬರೆದಿಟ್ಟೆ. ಸೌದೆ, ಹಂಚು, ಕಲ್ಲುಗಳನ್ನು ಗೋಡೆಗೆ ತಾಗಿಸಿ ಪೇರಿಸುವುದಿಲ್ಲ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯುವುದಿಲ್ಲ.

ಕೊನೆಗೆ ಊರಿನ ಜನ. ಹೊಸಬರು ಬಂದು ಮೊದಲು ಮಾಡುವ ಕೆಲಸ ಬೇಲಿ ಹಾಕುವುದು, ಮತ್ತು ಬಹುಪಾಲು ಮನಸ್ತಾಪಗಳು ಅಲ್ಲಿಂದಲೇ ಶುರುವಾಗುತ್ತವೆ. ಕಾಗದದಲ್ಲಿ ನಮ್ಮದಾಗಿರುವ ಜಾಗದಲ್ಲಿ ತಲೆಮಾರುಗಳಿಂದ ಒಂದು ಕಾಲುದಾರಿ ಇದ್ದೀತು, ಮಳೆಗಾಲದಲ್ಲಿ ಹರಿಯುವ ಒಂದು ತೋಡು ಇದ್ದೀತು. ಬೇಲಿಯ ಕಂಬ ನೆಡಿಸುವ ಮೊದಲು ನಾನು ಸುತ್ತಲಿನ ಮನೆಗಳಿಗೆಲ್ಲ ಹೋಗಿ, ಇಲ್ಲಿ ಯಾರು ಯಾವಾಗ ನಡೆಯುತ್ತಾರೆ, ನೀರು ಯಾವ ಕಡೆಯಿಂದ ಇಳಿಯುತ್ತದೆ ಎಂದು ಕೇಳಿದೆ. ಪಕ್ಕದ ಜಮೀನಿನ ಹಿರಿಯರೊಬ್ಬರು ನನ್ನ ಜೊತೆಗೇ ಗಡಿಯುದ್ದಕ್ಕೂ ನಡೆದು ಬಂದು, ಒಂದು ತಗ್ಗಿನಲ್ಲಿ ನಿಂತು, "ಇಲ್ಲಿ ಗೋಡೆ ಎತ್ತಬೇಡಿ, ಸ್ವಾಮಿ. ಮೇಲಿನ ನೀರೆಲ್ಲ ಇಲ್ಲಿಂದಲೇ ಇಳಿಯೋದು, ಕಟ್ಟಿದರೆ ನಿಮ್ಮ ಬಾವಿಗೇ ನುಗ್ಗುತ್ತದೆ" ಎಂದರು. ಬೇಸಿಗೆಯಲ್ಲಿ ನೋಡಿದವರಿಗೆ ಅದು ಬರಿಯ ಒಣ ತಗ್ಗು. ಮುಂದಿನ ಮಳೆಗಾಲದಲ್ಲಿ ಮೊಣಕಾಲು ಮುಳುಗುವಷ್ಟು ನೀರು ಅಲ್ಲಿ ಹರಿಯಿತು. ಆ ಜಾಗವನ್ನು ತೆರೆದೇ ಬಿಟ್ಟಿದ್ದೇನೆ, ಬಾವಿಕಟ್ಟೆಯನ್ನು ಅರ್ಧ ಮೀಟರ್ ಎತ್ತರಿಸಿ ಸುತ್ತಲೂ ಸಿಮೆಂಟಿನ ಅಂಚು ಹಾಕಿಸಿದ್ದೇನೆ. ಕಾಲುದಾರಿ ಬೇಲಿಯನ್ನು ದಾಟುವ ಕಡೆ ಬೀಗವಿಲ್ಲದ ಒಂದು ಗೇಟು ಇದೆ.