ಹೈಬ್ರಿಡ್ಡೂ ಕುಲಾಂತರಿನೂ ಒಂದೇನಾ? ನಾನು ಜನರಿಗೆ ತೋರಿಸೋ ರೀತಿ

ತಳಿ ಅಭಿವೃದ್ಧಿ ನನ್ನ ಕೆಲಸ, ಹಾಗಾಗಿ ಎಲ್ಲಿ ಹೋದ್ರೂ ಯಾರಾದ್ರೂ ಒಬ್ರು "ಈ ಹೈಬ್ರಿಡ್ ಎಲ್ಲಾ ಜೀನ್ ಬದಲಾಯಿಸಿರೋದೇ ಅಲ್ವಾ ಸರ್" ಅಂತ ಕೇಳೇ ಕೇಳ್ತಾರೆ. ನಾನು ಡಿಎನ್‌ಎ ಚಿತ್ರ ತೋರಿಸೋಕೆ ಹೋಗಲ್ಲ, ಸೀದಾ ಟೊಮ್ಯಾಟೊ ಗಿಡದ ಹತ್ರ ಕರ್ಕೊಂಡು ಹೋಗ್ತೀನಿ.

ನಾಳೆ ಅರಳೋ ಹಂಗಿರೋ ಮೊಗ್ಗು ಬೇಕು, ಪೂರ್ತಿ ಬಿಚ್ಚಿರಬಾರ್ದು. ಒಳಗೆ ಹಳದಿ ಕೇಸರಗಳು ಅಂಟ್ಕೊಂಡು ಕೊಳವೆ ಥರ ಇರುತ್ತೆ, ಚಿಮುಟದಲ್ಲಿ ಅದನ್ನ ಬುಡದಿಂದ ಮೆಲ್ಲಗೆ ಕಿತ್ತರೆ ನಡುವೆ ತೆಳ್ಳಗಿರೋ ಹಸಿರು ಶಲಾಕೆ (ಹೂವಿನ ಹೆಣ್ಣು ಭಾಗ) ಒಂದೇ ಉಳಿಯುತ್ತೆ, ಕೈ ಸ್ವಲ್ಪ ಜಾರಿದ್ರೂ ಅದೂ ಮುರಿದು ಹೂವು ವೇಸ್ಟ್. ಮಾರನೇ ದಿನ ಇನ್ನೊಂದು ತಳಿಯ ಪರಾಗ ತಂದು ಅದರ ತುದಿಗೆ ಮುಟ್ಟಿಸಿ ಚೀಟಿ ಕಟ್ಟಿ ಬಿಡೋದು. ಆ ಹಣ್ಣಿನ ಬೀಜವೇ ಹೈಬ್ರಿಡ್. "ಅಯ್ಯೋ ಇಷ್ಟೇನಾ" ಅಂತಾರೆ. ಇಷ್ಟೇ, ಆದ್ರೆ ಯಾವುದಕ್ಕೆ ಯಾವುದನ್ನ ಕೂಡಿಸಬೇಕು ಅಂತ ಗೊತ್ತಾಗೋಕೆ ವರ್ಷಗಟ್ಟಲೆ ಬೇಕು.

ಪಕ್ಕದಲ್ಲೇ ಹೈಬ್ರಿಡ್ ಗಿಡದಲ್ಲಿ ಬಿಟ್ಟ ಹಣ್ಣಿನಿಂದ ತೆಗೆದ ಬೀಜದ ಸಸಿಗಳನ್ನ ಬೆಳೆಸಿ ಇಟ್ಟಿರ್ತೀನಿ, ಒಂದು ಉದ್ದ, ಒಂದು ಗಿಡ್ಡ, ಒಂದೊಂದರ ಎಲೆ ಒಂದೊಂದು ಥರ. ಬೀಜ ಉಳಿಸಿಕೊಂಡ್ರೆ ಅದೇ ಬೆಳೆ ಬರಲ್ಲ ಅನ್ನೋದು ಕಂಪನಿಯವರು ಒಳಗೆ ಏನೋ ಸೇರಿಸಿರೋದ್ರಿಂದ ಅಲ್ಲ, ಕೂಡಿಸಿದ ಎರಡು ತಳಿಯ ಗುಣಗಳು ಮುಂದಿನ ಪೀಳಿಗೆಯಲ್ಲಿ ಮತ್ತೆ ಬೇರೆ ಬೇರೆಯಾಗಿ ಹಂಚಿಹೋಗೋದ್ರಿಂದ. ವಂಶವಾಹಿ ನಿಯಮಗಳನ್ನ ಕಂಡುಹಿಡಿದ ಮೆಂಡೆಲ್ 1866ರಲ್ಲಿ ಬಟಾಣಿ ಗಿಡದ ಲೆಕ್ಕ ಇಟ್ಟು ಬರೆದಿದ್ದು ಇದನ್ನೇ. ಮೊಳೆಯದೇ ಇರೋ 'ಟರ್ಮಿನೇಟರ್' ಬೀಜದ ಮಾತೂ ಇಲ್ಲೇ ಬರುತ್ತೆ, ಅದಕ್ಕೆ 1998ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಮಾರಾಟಕ್ಕೆ ಮಾತ್ರ ಬರಲೇ ಇಲ್ಲ.

ಕುಲಾಂತರಿ ಅಂದ್ರೆ ಬೇರೆ ಜೀವಿಯ ಜೀನು ಸೇರಿಸಿರೋ ಗಿಡ. ಅದನ್ನ ತೋರಿಸೋಕೆ ಬಿಟಿ ಹತ್ತಿ (ಕಾಯಿ ಕೊರೆಯೋ ಹುಳ ತಿಂದ್ರೆ ಸಾಯೋ ಹಾಗೆ ಮಾಡಿರೋ ಕುಲಾಂತರಿ ಹತ್ತಿ) ಎಲೆ, ಮಾಮೂಲಿ ಹೈಬ್ರಿಡ್ ಹತ್ತಿ ಎಲೆ ಎರಡನ್ನೂ ತಗೋತೀನಿ. ಒಂದೊಂದು ಚೂರನ್ನ ಪುಟ್ಟ ಟ್ಯೂಬಲ್ಲಿ ದ್ರಾವಣ ಹಾಕಿ ಅರೆದು ಟೆಸ್ಟ್ ಸ್ಟ್ರಿಪ್ ಅದ್ದಿದ್ರೆ ಕೆಲವೇ ನಿಮಿಷದಲ್ಲಿ ಬಿಟಿ ಎಲೆಗೆ ಎರಡು ಗೆರೆ, ಇನ್ನೊಂದಕ್ಕೆ ಒಂದೇ ಗೆರೆ. ಆ ಎರಡನೇ ಗೆರೆ ಬ್ಯಾಕ್ಟೀರಿಯಾದಿಂದ ತಂದ ಜೀನು ಮಾಡಿಸೋ ಪ್ರೋಟೀನಿನದು. ನೂರು ಮಾತಿಗಿಂತ ಈ ಗೆರೆ ಜಾಸ್ತಿ ಕೆಲಸ ಮಾಡುತ್ತೆ.

ತಕ್ಷಣ ಬರೋ ಪ್ರಶ್ನೆ, ಹುಳ ಸಾಯುತ್ತೆ ಅಂದ್ಮೇಲೆ ನಮಗೇನೂ ಆಗಲ್ವಾ? ನ್ಯಾಯವಾದ ಪ್ರಶ್ನೆನೇ. ಆ ಹುಳದ ಕರುಳು ಕ್ಷಾರೀಯ, ಪ್ರೋಟೀನು ಹೋಗಿ ಅಂಟ್ಕೊಳ್ಳೋಕೆ ಬೇಕಾದ ಗ್ರಾಹಕಗಳು ಅಲ್ಲಿವೆ, ನಮ್ಮ ಹೊಟ್ಟೆ ಆಮ್ಲೀಯ, ಆ ಗ್ರಾಹಕಗಳೂ ನಮ್ಮಲ್ಲಿಲ್ಲ. ಅದೇ ಬ್ಯಾಕ್ಟೀರಿಯಾನ ಸಾವಯವ ಕೃಷಿಯವರೂ ಸಿಂಪಡಿಸ್ತಾರೆ. ಆದ್ರೆ ಈ ಉತ್ತರ ಬಿಟಿಗೆ ಮಾತ್ರ ಅಂತ ಒತ್ತಿ ಹೇಳ್ತೀನಿ. ಹವಾಯಿಯಲ್ಲಿ 1998ರಿಂದ ಬೆಳೀತಿರೋ ಪಪ್ಪಾಯದಲ್ಲಿರೋದು ರೋಗ ತರೋ ವೈರಸ್ಸಿನದೇ ಜೀನು, ಕಳೆನಾಶಕ ತಡೆಯೋ ಸೋಯಾದ್ದು ಮತ್ತೆ ಬೇರೆ ಕಥೆ. ಎಲ್ಲಾ ಕುಲಾಂತರಿ ಒಳ್ಳೇದು ಅಥವಾ ಎಲ್ಲಾ ಕೆಟ್ಟದ್ದು ಅನ್ನೋರ ಜೊತೆ ನಂಗೆ ಮಾತು ಮುಂದಕ್ಕೇ ಹೋಗಲ್ಲ.

ಮಜಾ ಅಂದ್ರೆ ಗಾಮಾ ಕಿರಣ ಹೊಡೆದು ಮಾಡಿರೋ ತಳಿಗಳ ಬಗ್ಗೆ ಯಾರೂ ಕೇಳಲ್ಲ. ವಿಕಿರಣ, ರಾಸಾಯನಿಕ ಬಳಸಿ ರೂಪಾಂತರ ಮಾಡಿದ 3,000ಕ್ಕೂ ಹೆಚ್ಚು ತಳಿ ಜಗತ್ತಲ್ಲಿವೆ, ಅಲ್ಲಿ ಯಾವ ಜೀನ್ ಎಲ್ಲಿ ಬದಲಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ನಾವು ಬೆಳೆಯೋ ಸಿಹಿಗೆಣಸಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನು ತಾನಾಗೇ ಸೇರ್ಕೊಂಡಿದೆ ಅಂತನೂ 2015ರಲ್ಲಿ ಗೊತ್ತಾಯ್ತು. ಇದನ್ನ ಹೇಳಿ "ನೋಡಿ, ಪ್ರಕೃತಿನೇ ಮಾಡಿದೆ, ಹೆದರಬೇಡಿ" ಅನ್ನಲ್ಲ, ಪ್ರಕೃತಿ ಮಾಡಿದ್ದರಲ್ಲಿ ವಿಷನೂ ಇದೆ.

ಇಷ್ಟಾದ್ಮೇಲೂ ಕೆಲವರ ಮುಖದಲ್ಲಿ ಅನುಮಾನ ಹೋಗಿರಲ್ಲ. ಕೆದಕಿದ್ರೆ ಅವರ ಚಿಂತೆ ಆರೋಗ್ಯದ್ದಲ್ಲ, ಬೀಜ ಯಾರ ಕೈಲಿರುತ್ತೆ, ಪೇಟೆಂಟ್ ಯಾರದ್ದು, ಹುಳ ಒಗ್ಗಿಕೊಂಡ್ರೆ ನಷ್ಟ ಯಾರಿಗೆ ಅನ್ನೋದು. ಗುಲಾಬಿ ಕಾಯಿಕೊರಕ ಅನ್ನೋ ಹುಳ ಬಿಟಿ ಹತ್ತಿಗೆ ಒಗ್ಗಿಕೊಂಡಿರೋದು ಕಣ್ಣೆದುರಿಗೇ ಇದೆಯಲ್ಲ. ನಮ್ಮ ವಿಜ್ಞಾನದವರು ಇದಕ್ಕೂ "ತಿನ್ನೋಕೆ ಸೇಫ್" ಅಂತ ಉತ್ತರ ಕೊಟ್ಟು ಎದ್ದು ಹೋಗ್ತಾರೆ. ನಾನು ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಗಿಡದೊಳಗಿನ ಪ್ರಶ್ನೆ ಒಂದು ಕಡೆ, ಬೀಜದ ಒಡೆತನದ ಪ್ರಶ್ನೆ ಇನ್ನೊಂದು ಕಡೆ ಅವರ ಕೈಲೇ ಬರೆಸ್ತೀನಿ, ಎರಡನೇದೇ ಉದ್ದ ಆಗೋದು ಜಾಸ್ತಿ.

ಈಗ ಕ್ರಿಸ್ಪರ್ ಅನ್ನೋ ಜೀನ್ ತಿದ್ದೋ ತಂತ್ರದ ಬಗ್ಗೆ ಕೇಳ್ತಿದ್ದಾರೆ. ಗಿಡದ್ದೇ ಜೀನನ್ನ ಒಂಚೂರು ತಿದ್ದಿ, ಹೊರಗಿನದ್ದೇನೂ ಉಳಿಸದೇ ಇದ್ರೆ ಅದು ಕುಲಾಂತರಿ ಹೌದೋ ಅಲ್ವೋ ಅನ್ನೋದರಲ್ಲಿ ದೇಶ ದೇಶದ ಕಾನೂನೇ ಬೇರೆ ಬೇರೆ. ಅಂಥ ಎಲೆಗೆ ನನ್ನ ಸ್ಟ್ರಿಪ್ ಅದ್ದಿದ್ರೆ ಎರಡನೇ ಗೆರೆ ಬರೋದೇ ಇಲ್ಲ, ಅದಕ್ಕೆ ಬೇರೆ ಏನಾದ್ರೂ ತೋರಿಸೋ ದಾರಿ ಹುಡುಕ್ತಾ ಇದ್ದೀನಿ.