ಹಳೇ ಕಾಂಟೆಸ್ಸಾ ಮಿಸ್ಸಿಂಗ್ ಹೊಡೆದರೆ ಎಲ್ಲಿಂದ ಹುಡುಕಬೇಕು?

ಹಿಂದೂಸ್ತಾನ್ ಮೋಟರ್ಸ್‌ನ ಹಳೇ ಕಾರು ಕಾಂಟೆಸ್ಸಾ ಮಿಸ್ಸಿಂಗ್ ಹೊಡೆಯಲು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ಮುಗ್ಗರಿಸಲು, ಶುರು ಮಾಡಿದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಸೀದಾ ಅಂಗಡಿಗೆ ಹೋಗಿ ಕಿಡಿ ಹಾರಿಸುವ ಪ್ಲಗ್, ಕರೆಂಟ್ ಕಡಿದು ಬಿಡುವ ಪಾಯಿಂಟ್, ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಎಲ್ಲಾ ಹೊಸದು ತಂದು ಹಾಕಿಬಿಡುವುದು. ಒಮ್ಮೊಮ್ಮೆ ಸರಿಯೂ ಹೋಗುತ್ತದೆ. ಆದರೆ ಏನು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಈಗ ಸಿಗುವ ಡೂಪ್ಲಿಕೇಟ್ ಸಾಮಾನು ನೋಡಿದರೆ, ಚೆನ್ನಾಗಿದ್ದ ಹಳೆಯದನ್ನು ತೆಗೆದು ಕೆಟ್ಟ ಹೊಸದನ್ನು ಹಾಕಿದ ಹಾಗೂ ಆಗಬಹುದು. ಮೊದಲು ಯಾವ ಸಿಲಿಂಡರ್ ಅಂತ ಹುಡುಕಿ. ದುಡ್ಡು ಆಮೇಲೆ ಬಿಚ್ಚಿ.

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಗಾಡಿ ಇಸುಜು ಎಂಜಿನ್ನಿನದು, 1817 ಸಿಸಿ ಪೆಟ್ರೋಲ್, ಐದು ಗೇರ್. ಇದನ್ನು ಸ್ಪೋರ್ಟ್ಸ್ ಕಾರ್ ಅಂದರೆ ನಗುವವರಿದ್ದಾರೆ. ನಗಲಿ. 2002ರಲ್ಲೇ ತಯಾರಿ ನಿಂತುಹೋದ ಗಾಡಿ, ಇವತ್ತಿಗೂ ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಖುಷಿಯಾಗಿ ಹತ್ತುತ್ತದೆ. ಮಿಸ್ಸಿಂಗ್ ಇಲ್ಲದಿದ್ದರೆ.

ಬಾನೆಟ್ ಎತ್ತುವ ಮೊದಲು ಎಂಜಿನ್ ಯಾವಾಗ ಮಿಸ್ ಆಗುತ್ತದೆ ಅಂತ ಗಮನಿಸಿ. ನಿಂತಲ್ಲೇ ಸ್ಲೋನಲ್ಲಿ ನಡುಗಿ, ಆಕ್ಸಿಲರೇಟರ್ ಕೊಟ್ಟ ಮೇಲೆ ಸರಿಯಾದರೆ ಏರ್ ಲೀಕ್, ಸ್ಲೋ ಜೆಟ್ (ಸ್ಲೋನಲ್ಲಿ ಪೆಟ್ರೋಲ್ ಕೊಡುವ ಕಾರ್ಬೊರೇಟರಿನ ಸಣ್ಣ ತೂತು) ಅಥವಾ ಬಿಗಿಯಾದ ಟ್ಯಾಪೆಟ್ (ವಾಲ್ವಿನ ಸಂದು) ಕಡೆ ನೋಡಬೇಕು. ಏರಿನಲ್ಲಿ, ಅದೂ ಮೇಲಿನ ಗೇರಿನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಮುಗ್ಗರಿಸಿದರೆ ಹೆಚ್ಚಾಗಿ ಕರೆಂಟಿನ ತೊಂದರೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ವೈರ್ ಸ್ವಲ್ಪ ಸೋರುತ್ತಿದ್ದರೂ ಅದು ಬಯಲಾಗುವುದು ಆಗಲೇ.

ಇನ್ನು ಸೈಲೆನ್ಸರ್ ಬಾಯಿಗೆ ಒಂದು ಕಾಗದದ ಚೂರು ಹಿಡಿಯಿರಿ. ಒಂದೇ ಲಯದಲ್ಲಿ ತಪ್ಪುತ್ತಿದ್ದರೆ ಒಂದೇ ಸಿಲಿಂಡರ್ ಸತ್ತಿದೆ. ಮನಸ್ಸಿಗೆ ಬಂದ ಹಾಗೆ ತಪ್ಪುತ್ತಿದ್ದರೆ ನಾಲ್ಕಕ್ಕೂ ಸೇರಿದ ಕಾಯಿಲ್ (ವೋಲ್ಟೇಜ್ ಏರಿಸುವುದು), ರೋಟರ್ (ತಿರುಗುತ್ತಾ ಕರೆಂಟನ್ನು ಸರದಿಯಲ್ಲಿ ಹಂಚುವುದು), ಪಾಯಿಂಟ್ ಅಥವಾ ಪೆಟ್ರೋಲ್ ಮೇಲೆ ಅನುಮಾನ. ಕಾಗದ ಆಗಾಗ ಒಳಗೆ ಎಳೆದುಕೊಂಡರೆ ಎಗ್ಸಾಸ್ಟ್ ವಾಲ್ವ್ ಸುಟ್ಟಿರಬಹುದು.

ಸತ್ತ ಸಿಲಿಂಡರ್ ಹಿಡಿಯುವುದು ಸುಲಭ. ಒಣ ನೆಲ, ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಇನ್ಸುಲೇಷನ್ ಇರುವ ಪ್ಲೈಯರ್. ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಒಂದೊಂದೇ ಪ್ಲಗ್ ವೈರ್ ಎಳೆದು, ತುದಿಯನ್ನು ಎಂಜಿನ್ ಬ್ಲಾಕಿಗೆ ಹತ್ತಿರ ಹಿಡಿಯಿರಿ. ಗಾಳಿಯಲ್ಲಿ ಬಿಟ್ಟರೆ ಕಾಯಿಲಿಗೆ ಒಳ್ಳೆಯದಲ್ಲ. ವೈರ್ ಕಿತ್ತಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಕಿತ್ತರೂ ಒಂದೇ, ಹಾಕಿದರೂ ಒಂದೇ ಅನ್ನುವ ಹಾಗಿದ್ದರೆ ಕಳ್ಳ ಅವನೇ. ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಓಡುವ ಗಾಡಿಯಲ್ಲಿ ವೈರ್ ಕೀಳಬೇಡಿ, ಆಫ್ ಮಾಡಿ ಬದಲಿಸಿ ನೋಡಿ. ಬಿಚ್ಚುವ ಮೊದಲು ವೈರ್‌ಗಳಿಗೆ ನಂಬರ್ ಅಂಟಿಸಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2.

ಸಿಲಿಂಡರ್ ಸಿಕ್ಕಿತಾ? ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ. ಮಿಸ್ಸಿಂಗ್ ಪ್ಲಗ್ ಜೊತೆಗೇ ಹೋದರೆ ಪ್ಲಗ್ ಕೆಟ್ಟಿದೆ, ಅಷ್ಟೇ. ಹೋಗದಿದ್ದರೆ ವೈರ್ ಅದಲು ಬದಲು ಮಾಡಿ. ಪ್ಲಗ್ ಬಣ್ಣವನ್ನೂ ನೋಡಿಕೊಳ್ಳಿ. ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್, ಪೆಟ್ರೋಲ್ ವಾಸನೆಯ ಒದ್ದೆ ಇದ್ದರೆ ಕಿಡಿಯೇ ಬರುತ್ತಿಲ್ಲ.

ಈಗ ಡೆಲ್ಕೋ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಕಡೆಯ ಮೇಸ್ತ್ರಿಗಳು ಇದೇ ಹೆಸರು ಹೇಳುವುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮೊದಲ ಅನುಮಾನ ಇದರ ಕ್ಯಾಪ್ ಮೇಲೆ. ಶೆಡ್ಡಿನಲ್ಲಿ ನಿಂತ ಗಾಡಿಗೂ ಶೀತ ಹಿಡಿಯುತ್ತದೆ, ಬೆಳಿಗ್ಗೆ ಕ್ಯಾಪ್ ಒಳಗೆ ಬೆವರಿನಂತೆ ಹನಿ ಕೂತಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬಿಸಿಲಿನ ಕಡೆ ಹಿಡಿದು ಓರೆಯಾಗಿ ತಿರುಗಿಸಿ. ಎರಡು ತುದಿಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಷ್ಟು ತೆಳ್ಳಗೆ, ಅಂಕುಡೊಂಕಾದ ಕಪ್ಪು ಗೆರೆ ಕಾಣುತ್ತದಾ? ಉಗುರು ಹಾಕಿದರೂ ಹೋಗದಿದ್ದರೆ ಅದು ಕೊಳೆಯಲ್ಲ. ಕರೆಂಟ್ ಅಡ್ಡದಾರಿ ಹಿಡಿದು ಸುಟ್ಟ ಗುರುತು. ಒಮ್ಮೆ ಆ ದಾರಿ ಬಿದ್ದ ಮೇಲೆ ಎಷ್ಟು ಒರೆಸಿದರೂ ಅಷ್ಟೇ, ಕ್ಯಾಪ್ ಬದಲಾಯಿಸಲೇಬೇಕು. ನಡುವಿನ ಕಾರ್ಬನ್ ಗುಂಡು ಒತ್ತಿದರೆ ಸ್ಪ್ರಿಂಗಿನಿಂದ ವಾಪಸ್ ಬರಬೇಕು. ರೋಟರಿನ ಅಡಿಯಲ್ಲಿ ಬಿರುಕಿದೆಯಾ ಅಂತಲೂ ನೋಡಿ. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿಮೀ ಆಸುಪಾಸು ಇರಲಿ. ಮುಖ ಬೇಗ ಬೇಗ ಸುಟ್ಟು ಗುಳಿ ಬೀಳುತ್ತಿದ್ದರೆ ಕಂಡೆನ್ಸರ್ ನೋಡಿ.

ವೈರ್ ಪರೀಕ್ಷೆಗೆ ಕತ್ತಲೆಗಿಂತ ಒಳ್ಳೆಯ ಮೀಟರ್ ಇಲ್ಲ. ರಾತ್ರಿ ಅಂಗಳದ ಲೈಟ್ ಆರಿಸಿ, ಎಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ವೈರ್ ಮೇಲೆ ಸಣ್ಣಗೆ ನೀರು ಹೊಡೆಯಿರಿ. ಸೋರುವಲ್ಲಿ ನೀಲಿ ಕಿಡಿ ಹರಿದಾಡುತ್ತದೆ, ಚಟ್ ಚಟ್ ಅಂತ ಸದ್ದೂ ಕೇಳುತ್ತದೆ. ಆಗ ಕೈ ಹಾಕಬೇಡಿ, ಫ್ಯಾನ್ ಬೆಲ್ಟಿನ ಹತ್ತಿರ ಪಂಚೆ, ಶಾಲು ಬೇಡವೇ ಬೇಡ. ಹಾಗೇ ಹಗಲಲ್ಲಿ ಇಲಿ ಕಡಿದ ಗುರುತನ್ನೂ ಹುಡುಕಿ. ಅಡಿಕೆ ಅಟ್ಟದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರೆಂಟ್ ಎಲ್ಲಾ ಸರಿ ಇದ್ದರೆ ಪೆಟ್ರೋಲ್. ಈಗ ಬಂಕಿನಲ್ಲಿ ಬರುವುದು 20% ಎಥನಾಲ್ ಬೆರೆತದ್ದು. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳಿಗೂ ಆಗಿಬರುವುದಿಲ್ಲ. ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಕಾರ್ಬೊರೇಟರಿನ ಫ್ಲೋಟ್ ಬೌಲಿನಲ್ಲಿ ಇರುವುದನ್ನು ಗಾಜಿನ ಬಾಟಲಿಗೆ ಇಳಿಸಿ ಸ್ವಲ್ಪ ಹೊತ್ತು ಇಡಿ. ಕೆಳಗೆ ಬೇರೆ ಪದರ ಕೂತರೆ ನೀರು ಬೆರೆತಿದೆ, ಟ್ಯಾಂಕ್ ಖಾಲಿ ಮಾಡಿಸಬೇಕು. ಇನ್ನೊಂದು ನಮ್ಮೂರಿನ ರೋಗ ಕುಂಬಾರ ಹುಳ. ಟ್ಯಾಂಕ್ ಗಾಳಿ ಪೈಪಿನಲ್ಲಿ ಮಣ್ಣಿನ ಗೂಡು ಕಟ್ಟಿದರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಎಳೆಯುವುದಿಲ್ಲ. ಆಗ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ನುಗ್ಗಿ ಗಾಡಿ ಸರಿಯಾದರೆ ಖರ್ಚಿಲ್ಲದ ರಿಪೇರಿ.

ಇಷ್ಟಾದರೂ ಅದೇ ಸಿಲಿಂಡರ್ ಸತ್ತಿದೆ ಅಂದರೆ ಟ್ಯಾಪೆಟ್ ನೋಡಿಸಿ, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ. ಇದಕ್ಕೆ ಗೇಜ್ ಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದರೆ ಇರುವವರು ಸಿಗುತ್ತಾರೆ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್ ವೈರ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಪಕ್ಕದಲ್ಲೇ ನಿಂತು ನಾಲ್ಕರ ರೀಡಿಂಗೂ ಬರೆದುಕೊಳ್ಳಿ. ಒಂದು ತೀರಾ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿಸಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೇ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ಹೆಡ್ ಇಳಿಸಲು ಒಪ್ಪುವುದು ಆ ಚೀಟಿ ಕೈಗೆ ಬಂದ ಮೇಲೆ.